ಹೂಗಿಡ ಮುನಿಸಿಕೊಂಡಾಗ

ಮನೆಯ ಮುಂದೆ ನಾಲ್ಕು ಹೂಗಿಡಗಳಿರಲಿ ಎಂಬ ಆಸೆ ಯಾರಿಗಿಲ್ಲ? ದೇವರಿಗೊಂದು ದಾಸವಾಳ, ಮುಡಿಗೊಂದು ಮೊಳ ಮಲ್ಲಿಗೆ, ಬಂದವರ ಕಣ್ಣಿಗೊಂದು ಗುಲಾಬಿ ದೊರೆತರೆ ಗೃಹಸ್ಥನಿಗೆ ಅದೇ ನಂದನವನ. ಅಂಗಳವಿಲ್ಲದವರು ಮಹಡಿಯ ಮೇಲೆ ಕುಂಡಗಳನ್ನಿಟ್ಟಾದರೂ ಈ ಆಸೆಯನ್ನು ತೀರಿಸಿಕೊಳ್ಳುತ್ತಾರೆ. ಸಸ್ಯಕ್ಷೇತ್ರದಿಂದ ಗುಲಾಬಿ ಗಿಡವೊಂದು ಮನೆಗೆ ಬರುತ್ತದೆ. ಬಂದ ದಿನ ಅದರಲ್ಲಿ ಮೂರು ಹೂ, ಐದು ಮೊಗ್ಗು. ಮನೆಮಂದಿಯೆಲ್ಲ ಅದರ ಸುತ್ತ ನಿಂತು ಸಂಭ್ರಮಿಸುತ್ತಾರೆ. ಮೂರನೆಯ ವಾರಕ್ಕೆ ಮೊಗ್ಗು ಉದುರುತ್ತದೆ. ನಾಲ್ಕನೆಯ ವಾರಕ್ಕೆ ಎಲೆ ಹಳದಿಯಾಗುತ್ತದೆ.

ಅಲ್ಲಿಂದ ಮುಂದೆ ಸಲಹೆಗಾರರ ಸರದಿ. ನೀರು ಸಾಲದೆಂದು ಪಕ್ಕದ ಮನೆಯವರ ತೀರ್ಮಾನ; ಗೊಬ್ಬರ ಸಾಲದೆಂದು ಎದುರು ಮನೆಯವರ ನಿರ್ಣಯ. ಊರಿನಿಂದ ಬಂದ ಸೋದರತ್ತೆ ದೃಷ್ಟಿ ತಾಕಿದೆಯೆಂದು ಮೆಣಸಿನಕಾಯಿ ನಿವಾಳಿಸುತ್ತಾರೆ. ಅಂಗಡಿಯವನು ಬಣ್ಣದ ಚೀಟಿಯಂಟಿಸಿದ ಸೀಸೆಯೊಂದನ್ನು ಕೈಗೆ ಕೊಡುತ್ತಾನೆ. ಯಾರ ಮಾತನ್ನೂ ತೆಗೆದುಹಾಕಲಾರದ ಮನೆಯೊಡೆಯ ಒಂದೇ ವಾರದಲ್ಲಿ ಎರಡು ಹೊತ್ತು ನೀರು, ಒಂದು ಹಿಡಿ ಗೊಬ್ಬರ, ಒಂದು ಮುಚ್ಚಳ ಔಷಧಿ ಎಲ್ಲವನ್ನೂ ಉಣಿಸುತ್ತಾನೆ. ಮುಂದಿನ ವಾರ ಗಿಡ ಕಡ್ಡಿಯಾಗಿ ನಿಲ್ಲುತ್ತದೆ. ಆಗ ಅವನು "ನನ್ನ ಕೈಗುಣವೇ ಹೀಗೆ" ಎಂದು ನಿಟ್ಟುಸಿರಿಡುತ್ತಾನೆ. ಈ ಮಾತು ಸರಿಯಲ್ಲ. ಸೋತದ್ದು ಕೈಗುಣವಲ್ಲ. ಗಿಡಕ್ಕಿದ್ದ ಸಣ್ಣ ತೊಂದರೆಯನ್ನು ಯಾರೂ ನೋಡಲಿಲ್ಲ. ಎಲ್ಲರೂ ಚಿಕಿತ್ಸೆಯನ್ನು ಮಾತ್ರ ಮಾಡಿದರು. ಹೊಸಬರ ತೋಟಗಳಲ್ಲಿ ರೋಗದಿಂದ ಸಾಯುವ ಗಿಡಗಳಿಗೆ ಸರಿಸಮನಾಗಿ ಉಪಚಾರದಿಂದ ಸಾಯುವ ಗಿಡಗಳೂ ಉಂಟು.

ನಿದಾನ ಮೊದಲು, ಚಿಕಿತ್ಸೆ ಆಮೇಲೆ ಎಂಬುದು ನಮ್ಮ ವೈದ್ಯದ ಹಳೆಯ ಸೂತ್ರ. ಸಸ್ಯಗಳ ವಿಷಯದಲ್ಲಿಯೂ ನಮ್ಮ ಹಿರಿಯರು ಇದನ್ನು ಮರೆತಿರಲಿಲ್ಲ. ಸುರಪಾಲನ ಸಂಸ್ಕೃತ 'ವೃಕ್ಷಾಯುರ್ವೇದ'ವು ಮರಗಳ ರೋಗಗಳನ್ನೂ ವಾತ, ಪಿತ್ತ, ಕಫಗಳೆಂದು ವಿಂಗಡಿಸಿ ಲಕ್ಷಣಗಳನ್ನು ಹೇಳುತ್ತದೆ. ಕನ್ನಡದಲ್ಲಿಯೇ ಕ್ರಿ. ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಜ್ಯೋತಿಷ, ಅಡುಗೆ, ಜಲಶೋಧನೆಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಅವರು ಹೇಳಿದ ಔಷಧಿಗಳನ್ನು ಇಂದು ನಾವು ಒಪ್ಪಬಹುದು, ಬಿಡಬಹುದು. ಆದರೆ ಗಿಡವನ್ನು ರೋಗಿಯಂತೆ ಕಂಡು, ಲಕ್ಷಣವನ್ನು ನೋಡಿ, ಅನಂತರ ಮದ್ದಿಗೆ ಕೈಹಾಕಬೇಕೆಂಬ ಅವರ ಕ್ರಮ ಸಾವಿರ ವರ್ಷವಾದರೂ ಹಳತಾಗಿಲ್ಲ. ಆ ಕ್ರಮದಲ್ಲಿಯೇ ನಮ್ಮ ಹೂಗಿಡವನ್ನು ಪರೀಕ್ಷಿಸೋಣ.

ಮೊದಲು ಬೆರಳು, ಆಮೇಲೆ ಚೊಂಬು

ಬಾಡಿದ ಗಿಡವನ್ನು ಕಂಡೊಡನೆ ಚೊಂಬನ್ನೆತ್ತುವುದು ನಮ್ಮ ಸ್ವಭಾವ. ಚೊಂಬಿಗೆ ಮುಂಚೆ ಬೆರಳನ್ನು ಮಣ್ಣಿಗಿಳಿಸಿ. ಎರಡನೆಯ ಗೆಣ್ಣಿನವರೆಗೂ ಮಣ್ಣು ಒಣಗಿದ್ದರೆ ನೀರು ಬೇಕು. ಅಲ್ಲಿ ತೇವವಿದ್ದೂ ಗಿಡ ಬಾಡಿದ್ದರೆ ನೀರೇ ಅದರ ಶತ್ರುವಾಗಿದೆಯೆಂದು ತಿಳಿಯಬೇಕು.

ಇದು ವಿಚಿತ್ರವಾಗಿ ತೋರಬಹುದು. ಒದ್ದೆ ಮಣ್ಣಿನಲ್ಲಿ ನಿಂತ ಗಿಡ ಬಾಯಾರುವುದು ಹೇಗೆ? ಬೇರಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ನಿಂತ ಗಾಳಿಯಿಂದ ಅದು ಆಮ್ಲಜನಕವನ್ನು ಪಡೆಯುತ್ತದೆ. ಆ ಸಂದುಗಳಲ್ಲೆಲ್ಲ ಸದಾ ನೀರೇ ತುಂಬಿದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು. ಹೀಗೆ ನೀರಿನ ನಡುವೆಯೇ ಗಿಡ ನೀರಡಿಸಿ ಬಾಡುತ್ತದೆ. ನಾವು ಅದನ್ನು ಕಂಡು ಇನ್ನಷ್ಟು ನೀರು ಹೊಯ್ದರೆ ಅದರ ಕತೆ ಮುಗಿದಂತೆ.

ಇಂಥ ಗಿಡಕ್ಕೆ ನೀರು ನಿಲ್ಲಿಸಿ, ಕುಂಡವನ್ನು ಗಾಳಿಯಾಡುವ ನೆರಳಿಗೆ ಸರಿಸಿ, ಕೆಳಗಿನ ತೂತುಗಳು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಬೇಕು. ಮಣ್ಣಿನಿಂದ ಹುಳಿನಾತ ಬರುತ್ತಿದ್ದರೆ ಗಿಡವನ್ನು ಮೆಲ್ಲನೆ ಹೊರತೆಗೆದು ಬೇರನ್ನು ನೋಡಬೇಕು. ಬೆಳ್ಳಗೆ ಗಟ್ಟಿಯಾಗಿರುವುದು ಜೀವಂತ ಬೇರು. ಕಂದಾಗಿ ಮೆತ್ತಗಾಗಿ, ಎಳೆದರೆ ಸಿಪ್ಪೆ ಜಾರಿ ಬರುವುದು ಸತ್ತ ಬೇರು. ಸತ್ತುದನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಟ್ಟು, ಮೇಲಿನ ಕೊಂಬೆಗಳನ್ನೂ ಸ್ವಲ್ಪ ಸವರಿದರೆ ಬದುಕುವ ಅವಕಾಶವುಂಟು.

ನೀರು ಹಾಕುವುದಕ್ಕೂ ಒಂದು ರೀತಿಯಿದೆ. ದಿನವೂ ಒಂದೊಂದು ಲೋಟ ಚಿಮುಕಿಸಿದರೆ ಮೇಲಿನ ಅಂಗುಲವಷ್ಟೇ ನೆನೆದು, ಬೇರುಗಳು ಮೇಲಕ್ಕೇ ಬಂದು ಬಿಸಿಲಿಗೆ ಬೇಯುತ್ತವೆ. ಅದರ ಬದಲು, ಬೇಕಾದಾಗ ತಳದ ತೂತಿನಿಂದ ನೀರು ಹೊರಬರುವವರೆಗೆ ಹಾಕಿ, ಮತ್ತೆ ಮೇಲ್ಮಣ್ಣು ಒಣಗುವವರೆಗೆ ಕಾಯುವುದು ಲೇಸು. ಚೈತ್ರ ವೈಶಾಖಗಳಲ್ಲಿ ಮಹಡಿಯ ಮೇಲಿನ ಕುಂಡಕ್ಕೆ ದಿನವೂ ಬೇಕಾದೀತು. ಶ್ರಾವಣದಲ್ಲಿ ವಾರಗಟ್ಟಲೆ ಬೇಡವಾದೀತು. ಪಂಚಾಂಗವನ್ನಾಗಲಿ ಗಡಿಯಾರವನ್ನಾಗಲಿ ನಂಬದೆ ಬೆರಳನ್ನು ನಂಬುವುದು ಕ್ಷೇಮ.

ಕುಂಡದೊಳಗಿನ ಸಂಕಟ

ನೆಲದ ಗಿಡ ತನಗೆ ಬೇಕಾದುದನ್ನು ದೂರಕ್ಕೆ ಬೇರು ಚಾಚಿ ತಂದುಕೊಳ್ಳುತ್ತದೆ. ಕುಂಡದ ಗಿಡ ನಾವು ಕೊಟ್ಟಷ್ಟನ್ನೇ ಉಣ್ಣುವ ಸೆರೆಯಾಳು. ಬಣ್ಣದ ಡಬ್ಬಿಯಲ್ಲಿಯೋ ಹಳೆಯ ಬಕೀಟಿನಲ್ಲಿಯೋ ತೂತು ಕೊರೆಯದೆ ಗಿಡ ನೆಟ್ಟವರು ಕೊಳವನ್ನು ನಿರ್ಮಿಸಿದ್ದಾರೆಯೇ ಹೊರತು ತೋಟವನ್ನಲ್ಲ. ತೂತಿದ್ದರೂ ಅಡಿಯ ತಟ್ಟೆಯಲ್ಲಿ ನೀರು ನಿಂತಿದ್ದರೆ ಫಲ ಒಂದೇ. ಸಾಲದ್ದಕ್ಕೆ ಸೊಳ್ಳೆಗಳ ಉಪದ್ರವ ಬೇರೆ.

ಬರಿಯ ಕೆಮ್ಮಣ್ಣು ಕೆಲವು ತಿಂಗಳಿನಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹೊಯ್ದ ನೀರು ಕುಂಡದ ಅಂಚಿನ ಬಿರುಕಿನಲ್ಲಿಳಿದು ಹೊರಗೆ ಹೋಗುತ್ತದೆ. ನಡುವಣ ಬೇರಿಗೆ ಹನಿಯೂ ಸಿಗುವುದಿಲ್ಲ. ಮಣ್ಣು, ಮರಳು ಅಥವಾ ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ ಇವುಗಳನ್ನು ಸಮಸಮನಾಗಿ ಬೆರೆಸಿಕೊಂಡರೆ ಈ ಕಷ್ಟ ತಪ್ಪುತ್ತದೆ. ಗೊಬ್ಬರ 'ಕಳಿತದ್ದು' ಎಂಬುದನ್ನು ಒತ್ತಿ ಹೇಳಬೇಕು. ಹಸಿ ಸಗಣಿಯು ಮಣ್ಣಿನಲ್ಲಿ ಕೊಳೆಯುವಾಗ ಕಾವೇರಿ ಎಳೆ ಬೇರನ್ನು ಸುಡುತ್ತದೆ.

ಕೊಳವೆ ಬಾವಿಯ ಗಡಸು ನೀರನ್ನೇ ಹಾಕುವ ಮನೆಗಳಲ್ಲಿ ಕುಂಡದ ಹೊರಮೈಮೇಲೂ ಮಣ್ಣಿನ ಮೇಲೂ ಬಿಳಿಯ ಪೊರೆ ಕಟ್ಟುವುದನ್ನು ನೋಡಿರಬಹುದು. ಅದು ಲವಣ. ಇದರ ಜೊತೆಗೆ ರಸಗೊಬ್ಬರವೂ ಹೆಚ್ಚಾದರೆ ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದಾಗುತ್ತದೆ. ಗೊಬ್ಬರವನ್ನು ನಿಲ್ಲಿಸಿ, ಒಂದೆರಡು ಸಲ ಹೇರಳವಾಗಿ ನೀರು ಹಾಯಿಸಿ ಉಪ್ಪನ್ನು ತಳದಿಂದ ತೊಳೆದುಹಾಕುವುದೇ ಇದಕ್ಕೆ ಮದ್ದು. ಮಳೆನೀರು ದೊರೆತರೆ ಇನ್ನೂ ಉತ್ತಮ.

ಬೆಳಕಿನ ಲೆಕ್ಕ

ಗುಲಾಬಿ, ಮಲ್ಲಿಗೆ, ದಾಸವಾಳ, ಚೆಂಡು ಹೂ ಇವೆಲ್ಲ ಸೂರ್ಯನ ಮಕ್ಕಳು. ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ಬಿಸಿಲು ಸಾಲದ ಗಿಡದ ಕೊಂಬೆ ಸಣ್ಣಗೆ ನೀಳವಾಗಿ ಬೆಳಕಿನತ್ತ ಬಾಗುತ್ತದೆ, ಎಲೆಯಿಂದೆಲೆಗೆ ಅಂತರ ಹೆಚ್ಚುತ್ತದೆ, ಹೂ ವಿರಳವಾಗುತ್ತದೆ. ಇದನ್ನು ಯಾವ ಗೊಬ್ಬರವೂ ಸರಿಪಡಿಸಲಾರದು. ಆದರೆ ಸಸ್ಯಕ್ಷೇತ್ರದ ಹಸಿರು ಬಲೆಯಡಿಯಲ್ಲಿ ಬೆಳೆದ ಗಿಡವನ್ನು ತಂದ ದಿನವೇ ಮಹಡಿಯ ಸುಡುಬಿಸಿಲಿಗಿಟ್ಟರೆ ಎಲೆ ಬೆಂದು ಬೆಳ್ಳಗಾಗುತ್ತದೆ. ಮೊದಲ ವಾರ ಬೆಳಗಿನ ಎಳೆಬಿಸಿಲಿನಲ್ಲಿಟ್ಟು ಕ್ರಮೇಣ ಹೆಚ್ಚಿಸಬೇಕು. ಹೊಸ ಮನೆಗೆ ಬಂದ ಗಿಡ ನಾಲ್ಕೆಲೆ ಉದುರಿಸುವುದು, ಮೊಗ್ಗು ಕಳಚುವುದು ಸಹಜ. ಅದಕ್ಕೆ ಗಾಬರಿ ಬೇಡ.

ಬೆಳಕು ಕಡಮೆಯಾಗಿ ಹೂ ಬಿಡದ ಗಿಡಗಳು ಇರುವಂತೆಯೇ ಕತ್ತಲೆ ಕಡಮೆಯಾಗಿ ಹೂ ಬಿಡದ ಗಿಡಗಳೂ ಇವೆ ಎಂಬುದು ಸೋಜಿಗದ ಸಂಗತಿ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಬೇಸಗೆಯಲ್ಲಿ ಹೂ ಬಿಡದ ಹೊಗೆಸೊಪ್ಪಿನ ತಳಿಯೊಂದನ್ನು ಪರೀಕ್ಷಿಸಿ, ಹಗಲಿನ ಅವಧಿಯೇ ಅದರ ಹೂವನ್ನು ನಿಯಂತ್ರಿಸುತ್ತದೆಂದು 1920ರಲ್ಲಿ ಪ್ರಕಟಿಸಿದರು. ನಮ್ಮ ಸೇವಂತಿಗೆ ಇದೇ ಜಾತಿಗೆ ಸೇರಿದ್ದು. ಹಗಲು ಕುಗ್ಗಿ ಇರುಳು ಹಿಗ್ಗಿದಾಗಲೇ ಅದು ಮೊಗ್ಗಾಗುತ್ತದೆ. ಬೀದಿಯ ಕಂಬದ ದೀಪವೋ ಜಗುಲಿಯ ದೀಪವೋ ರಾತ್ರಿಯಿಡೀ ಅದರ ಮೇಲೆ ಬೀಳುತ್ತಿದ್ದರೆ ಗಿಡಕ್ಕೆ ಇರುಳೇ ಆಗುವುದಿಲ್ಲ. ಎಲೆ ಸೊಂಪಾಗಿರುತ್ತದೆ, ಹೂ ಮಾತ್ರ ಬಾರದು. ಹೂ ಬೇಕಾದ ಕಾಲಕ್ಕೆ ಬರುವಂತೆ ಮಾಡಲು ಬೆಳೆಗಾರರು ರಾತ್ರಿ ದೀಪ ಹೊತ್ತಿಸಿ ಮೊಗ್ಗನ್ನು ತಡೆಯುವುದೂ ಇದೇ ತತ್ತ್ವದ ಮೇಲೆ. ಮನೆಯಲ್ಲಿ ಇದರ ಪರಿಹಾರ ಬಲು ಸುಲಭ: ಕುಂಡವನ್ನು ದೀಪದ ಮರೆಗೆ ಸರಿಸುವುದು.

ಎಲೆಯ ಬರಹ

ಬೆರಳು, ಕುಂಡ, ಬೆಳಕು ಮೂರೂ ಸರಿಯಾಗಿದ್ದು ಎಲೆ ಹಳದಿಯಾಗುತ್ತಿದ್ದರೆ ಆಗ ಎಲೆಯನ್ನು ಓದಬೇಕು. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಎಲೆ ಎಂಬುದಲ್ಲ, ಯಾವ ಎಲೆ ಎಂಬುದು.

ಸಾರಜನಕ, ಮೆಗ್ನೀಸಿಯಂ ಮೊದಲಾದ ಪೋಷಕಾಂಶಗಳು ಗಿಡದೊಳಗೆ ಸಂಚರಿಸಬಲ್ಲವು. ಅವು ಕಡಮೆಯಾದಾಗ ಗಿಡವು ಹಳೆಯ ಎಲೆಗಳಿಂದ ಅವನ್ನು ಹಿಂದೆಗೆದು ಎಳೆ ಚಿಗುರಿಗೆ ಕಳುಹಿಸುತ್ತದೆ. ತಾನು ಉಪವಾಸವಿದ್ದು ಮಕ್ಕಳಿಗೆ ಬಡಿಸುವ ತಾಯಿಯ ರೀತಿಯಿದು. ಆದುದರಿಂದ ಕೆಳಗಿನ ಹಳೆಯ ಎಲೆಗಳು ಪೂರ್ತಿ ಮಾಸಲು ಹಳದಿಯಾದರೆ ಸಾರಜನಕದ ಕೊರತೆ. ಅವೇ ಹಳೆಯ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವಣ ಭಾಗ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಕಬ್ಬಿಣದ ಅಂಶ ಹೀಗೆ ಸಂಚರಿಸುವುದಿಲ್ಲ. ಅದು ಸಾಲದಾದಾಗ ತುದಿಯ ಎಳೆ ಎಲೆಗಳೇ ಬಿಳಿಚಿಕೊಂಡು, ಹಸಿರು ನರಗಳು ಜಾಲದಂತೆ ಎದ್ದು ಕಾಣುತ್ತವೆ. ದಾಸವಾಳ, ಗುಲಾಬಿಗಳಲ್ಲಿ ಇದನ್ನು ಮೇಲಿಂದ ಮೇಲೆ ಕಾಣಬಹುದು.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ನಮ್ಮ ಕೆಮ್ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಸುಣ್ಣದ ಅಂಶವುಳ್ಳ ಮಣ್ಣಿನಲ್ಲಿ, ಅಥವಾ ಗಡಸು ನೀರಿನಿಂದ ಕ್ಷಾರಗುಣ ಏರಿದ ಮಣ್ಣಿನಲ್ಲಿ, ಆ ಕಬ್ಬಿಣ ಕರಗದೆ ಬೇರಿಗೆ ದಕ್ಕದೆ ಕುಳಿತಿರುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ದೊರೆಯುವ ಅನ್ನಭೇದಿಯನ್ನು ಲೀಟರ್ ನೀರಿಗೆ ಎರಡು ಗ್ರಾಮಿನಷ್ಟು ಕರಗಿಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿದರೆ ಹೊಸ ಎಲೆ ಹಸಿರಾಗುತ್ತದೆ. ಬೇರಿನ ಬಳಿ ಕಾಂಪೋಸ್ಟ್ ಸೇರಿಸುತ್ತ ಬಂದರೆ ಗುಣ ನಿಲ್ಲುತ್ತದೆ. ಮೆಗ್ನೀಸಿಯಮ್ಮಿಗೆ ಎಪ್ಸಂ ಉಪ್ಪು, ಸಾರಜನಕಕ್ಕೆ ನೆನೆಸಿ ಕಳಿಸಿ ತೆಳುವಾಗಿಸಿದ ಕಡಲೆಕಾಯಿ ಹಿಂಡಿಯ ನೀರು ಸಾಕು. ಹಣ್ಣಾದ ಒಂದೆರಡು ಎಲೆ ಬುಡದಲ್ಲಿ ಉದುರಿದರೆ ಅದು ವೃದ್ಧಾಪ್ಯ. ಅದಕ್ಕೆ ಮದ್ದು ಹುಡುಕಬಾರದು.

ಎಲೆ ಹುಲುಸು, ಹೂ ಮಾತ್ರ ಇಲ್ಲ

ಕೆಲವು ಗಿಡಗಳಿಗೆ ಯಾವ ರೋಗವೂ ಇರುವುದಿಲ್ಲ. ಹಚ್ಚಹಸಿರಾಗಿ, ಕಾಡಿನಂತೆ ಬೆಳೆದಿರುತ್ತವೆ. ಹೂ ಮಾತ್ರ ಬಿಡುವುದಿಲ್ಲ. ಇದಕ್ಕೆ ಬಹುಮಟ್ಟಿಗೆ ನಮ್ಮ ಔದಾರ್ಯವೇ ಕಾರಣ. ಸಾರಜನಕ ಹೆಚ್ಚಾದರೆ ಗಿಡ ಎಲೆಯನ್ನೇ ಬೆಳೆಸುತ್ತ ಹೋಗುತ್ತದೆ. ಕಾಗದದ ಹೂವಿನ ಬಳ್ಳಿಯಾದ ಬೋಗನ್‌ವಿಲ್ಲಾಗೆ ನೀರೂ ಗೊಬ್ಬರವೂ ಧಾರಾಳವಾದರೆ ಮುಳ್ಳು ಮತ್ತು ಎಲೆ. ನೀರು ಬಿಗಿಹಿಡಿದು ಬಿಸಿಲಿಗೆ ಬಿಟ್ಟರೆ ಮೈತುಂಬ ಬಣ್ಣ.

ಸವರುವುದಕ್ಕೆ ಹೆದರುವುದು ಇನ್ನೊಂದು ಕಾರಣ. ಗುಲಾಬಿ, ದಾಸವಾಳ, ಮಲ್ಲಿಗೆಗಳು ಹೊಸ ಚಿಗುರಿನಲ್ಲಿ ಹೂ ಬಿಡತಕ್ಕವು. ಹಳೆಯ ಕೊಂಬೆಗಳನ್ನು ಕರುಣೆಯಿಂದ ಉಳಿಸಿಕೊಂಡರೆ ಹೊಸ ಚಿಗುರಿಗೆ ಎಡೆಯಿಲ್ಲ. ದುಂಡುಮಲ್ಲಿಗೆಯ ಬೆಳೆಗಾರರು ಚಳಿಗಾಲದಲ್ಲಿ ನೀರು ಕಡಮೆ ಮಾಡಿ, ನೆಲದಿಂದ ಒಂದೂವರೆ ಅಡಿಯಷ್ಟು ಬಿಟ್ಟು ಗಿಡವನ್ನು ಸವರಿಬಿಡುತ್ತಾರೆ. ನೋಡಿದವರಿಗೆ ಕ್ರೂರವೆನಿಸೀತು, ಬೇಸಗೆಯಲ್ಲಿ ಮೊಗ್ಗು ಆಯುವಾಗ ಅದರ ಮರ್ಮ ತಿಳಿಯುತ್ತದೆ. ಗುಲಾಬಿಯನ್ನು ಮಳೆ ಕಳೆದ ಮೇಲೆ ಸವರುವುದು ಬೆಂಗಳೂರು ಮೈಸೂರುಗಳ ಕಡೆಯ ರೂಢಿ.

ಗುಲಾಬಿಯಲ್ಲಿ ಮತ್ತೊಂದು ಮೋಸವುಂಟು. ನಾವು ಕೊಳ್ಳುವ ಗುಲಾಬಿಗಳಲ್ಲಿ ಬಹುಪಾಲು ಕಾಡು ಗುಲಾಬಿಯ ಬುಡಕ್ಕೆ ಕಣ್ಣು ಕಸಿ ಮಾಡಿದವು. ಕಸಿಯ ಗಂಟಿನ ಕೆಳಗಿನಿಂದ ಚಿಗುರು ಹೊರಟರೆ ಅದು ಕಾಡು ಗಿಡದ ಚಿಗುರು. ಅದು ಬಲು ಬೇಗ ಬೆಳೆದು, ಮೇಲಿನ ಒಳ್ಳೆಯ ಗುಲಾಬಿಯ ಅನ್ನವನ್ನು ಕಸಿದುಕೊಳ್ಳುತ್ತದೆ. "ಗಿಡ ಎಷ್ಟು ಚೆನ್ನಾಗಿ ಚಿಗುರಿದೆ!" ಎಂದು ನಾವು ಹಿಗ್ಗುತ್ತಿರುವಾಗಲೇ ಕೆಂಪು ಗುಲಾಬಿ ಒಣಗಿಹೋಗಿರುತ್ತದೆ. ಹೊರಟ ಚಿಗುರು ಗಂಟಿನ ಮೇಲಿನದೋ ಕೆಳಗಿನದೋ ನೋಡಿ, ಕೆಳಗಿನದಾದರೆ ಮೂಲದಿಂದಲೇ ಕಿತ್ತುಹಾಕಬೇಕು.

ಇನ್ನು ವಯಸ್ಸು. ಬೀಜದಿಂದ ಬೆಳೆದ ಸಂಪಿಗೆ ಹೂ ಬಿಡಲು ಎಂಟು ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಕಸಿ ಗಿಡ ಎರಡು ಮೂರು ವರ್ಷಗಳಲ್ಲಿ ಬಿಡುತ್ತದೆ. ನಾಲ್ಕನೆಯ ವರ್ಷ ಬೀಜದ ಸಂಪಿಗೆಯನ್ನು ಬಂಜೆಯೆಂದು ಕಡಿಯುವವರು ಬಾಲಕನನ್ನು ಸಂಪಾದನೆಯಿಲ್ಲವೆಂದು ಮನೆಯಿಂದ ಅಟ್ಟಿದಂತೆ.

ಎಲೆಯ ಬೆನ್ನು ತಿರುವಿ ನೋಡಿ

ಕೀಟಗಳು ಸಾಮಾನ್ಯವಾಗಿ ಎಲೆಯ ಹಿಂಬದಿಯಲ್ಲಿ ಸಂಸಾರ ಹೂಡುತ್ತವೆ. ಗುಲಾಬಿಯ ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಹಳದಿ ಚುಕ್ಕೆಗಳು ಕಂಡು, ಬೆನ್ನಿನಲ್ಲಿ ಜೇಡರ ಬಲೆಯಂಥ ನವುರಾದ ಎಳೆಗಳಿದ್ದರೆ ಅದು ಕೆಂಪು ನುಸಿ. ಬಿಸಿಲು ಮತ್ತು ಒಣಹವೆಯಲ್ಲಿ ಇದು ಬಹಳ ಬೇಗ ಹೆಚ್ಚುತ್ತದೆ. ಬೆಳಗಿನ ಹೊತ್ತು ಎಲೆಯ ಬೆನ್ನಿಗೆ ರಭಸವಾಗಿ ನೀರೆರಚುವುದೇ ಮೊದಲ ಚಿಕಿತ್ಸೆ. ಮಲ್ಲಿಗೆಯ ಎಲೆ ಮತ್ತು ಚಿಗುರಿನ ಮೇಲೆ ಬಿಳಿಯ ಉಣ್ಣೆಯಂಥ ಹೊದಿಕೆ ಬೆಳೆದಿದ್ದರೆ ಅದು ಬೂಷ್ಟೆಂದು ಹಲವರು ತಿಳಿಯುತ್ತಾರೆ. ಅದೂ ಒಂದು ಬಗೆಯ ನುಸಿಯ ಕೆಲಸವೇ. ಆ ಭಾಗವನ್ನು ಕತ್ತರಿಸಿ ಸುಡಬೇಕು.

ದಾಸವಾಳದ ಕತೆ ಬೇರೆ. ಎಳೆ ಕೊಂಬೆಯ ಸಂದುಗಳಲ್ಲಿ ಹತ್ತಿಯ ಉಂಡೆಗಳಂತೆ ಬಿಳಿಯ ಹಿಟ್ಟು ತಿಗಣೆ ಕೂರುತ್ತದೆ, ಚಿಗುರು ಮುರುಟಿಕೊಳ್ಳುತ್ತದೆ. ಗಿಡದ ಮೇಲೆ ಇರುವೆಗಳ ಸಾಲು ಕಂಡರೆ ಅದನ್ನೂ ಲಕ್ಷಣವೆಂದೇ ಎಣಿಸಬೇಕು. ಹಿಟ್ಟು ತಿಗಣೆ ಮತ್ತು ಗಿಡಹೇನುಗಳು ಸ್ರವಿಸುವ ಸಿಹಿಯಂಟನ್ನು ತಿನ್ನಲು ಇರುವೆಗಳು ಬರುತ್ತವೆ. ನಾವು ಹಸುವನ್ನು ಸಾಕಿದಂತೆ ಅವು ಈ ಕೀಟಗಳನ್ನು ಕಾಯುತ್ತವೆ, ಶತ್ರುಗಳನ್ನು ಹೊಡೆದೋಡಿಸುತ್ತವೆ. ಆ ಅಂಟಿನ ಮೇಲೆಯೇ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುವುದು.

ಇಲ್ಲಿ ಹೊಸಬರು ತಿಳಿಯಬೇಕಾದ ಮುಖ್ಯ ವಿಷಯವೊಂದಿದೆ. ಕಾಫಿಯ ಶಲ್ಕಕೀಟವನ್ನು ತಿನ್ನಲೆಂದು 1898ರಲ್ಲಿ ಆಸ್ಟ್ರೇಲಿಯದಿಂದ ಒಂದು ಬಗೆಯ ಗುಲಗಂಜಿ ಹುಳುವನ್ನು ಭಾರತಕ್ಕೆ ತರಿಸಲಾಯಿತು. ಅದು ದಕ್ಷಿಣದಲ್ಲಿ ನೆಲೆಯೂರಿ, ಇಂದಿಗೂ ಹಿಟ್ಟು ತಿಗಣೆಯನ್ನು ತಿನ್ನುತ್ತ ನಮಗೆ ಉಪಕಾರ ಮಾಡುತ್ತಿದೆ. ಇದರ ಮರಿಹುಳು ನೋಡಲು ಥೇಟ್ ಹಿಟ್ಟು ತಿಗಣೆಯಂತೆಯೇ, ಬಿಳಿಯ ಮೇಣದ ಕುಚ್ಚುಗಳನ್ನು ಹೊದ್ದಿರುತ್ತದೆ. ಆದರೆ ಗಾತ್ರದಲ್ಲಿ ದೊಡ್ಡದು, ಚುರುಕಾಗಿ ಓಡಾಡುತ್ತದೆ. ನೋಡದೆ ವಿಷ ಸಿಂಪಡಿಸಿದವರು ಕಳ್ಳನ ಜೊತೆಗೆ ಕಾವಲುಗಾರನನ್ನೂ ಕೊಂದಂತಾಗುತ್ತದೆ.

ಇದು ಬರಿಯ ಕೈತೋಟದ ಮಾತಲ್ಲ. 2008ರಲ್ಲಿ ಕೊಯಮತ್ತೂರಿನ ಕಡೆ ಪರಂಗಿಯ ಹಿಟ್ಟು ತಿಗಣೆಯೆಂಬ ಹೊರನಾಡಿನ ಕೀಟ ಕಾಣಿಸಿಕೊಂಡು, ಪರಂಗಿ, ಹಿಪ್ಪುನೇರಳೆ, ಮರಗೆಣಸುಗಳಿಗೆಲ್ಲ ಹಬ್ಬಿತು; ದಾಸವಾಳವನ್ನೂ ಬಿಡಲಿಲ್ಲ. ರೈತರು ಹೊಡೆದ ವಿಷಗಳು ಅದರ ಮೇಣದ ಹೊದಿಕೆಯನ್ನು ದಾಟಲು ಹೆಣಗಿದವು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯವರು ಪೋರ್ಟೊ ರಿಕೊ ದ್ವೀಪದಿಂದ ಅದರ ಸಹಜ ಶತ್ರುವಾದ ಅತಿ ಚಿಕ್ಕ ಪರೋಪಜೀವಿ ಕಣಜಗಳನ್ನು ತರಿಸಿ ಬಿಟ್ಟರು. ದೊಡ್ಡ ಪಿಡುಗು ಆ ಸಣ್ಣ ಕಣಜಗಳಿಂದ ಹಿಡಿತಕ್ಕೆ ಬಂದಿತು.

ಮನೆಯ ಗಿಡಕ್ಕೆ ಸಾಧನಗಳು ಇನ್ನೂ ಸರಳ. ತೀರ ಮುತ್ತಿದ ಕೊಂಬೆಯನ್ನು ಕತ್ತರಿಸಿ ದೂರ ಹಾಕಿ. ಉಳಿದುದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆಯಿರಿ. ಇರುವೆಗಳ ದಾರಿಯನ್ನು ತಪ್ಪಿಸಿ. ಅನಂತರವೂ ಉಳಿದರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯುವಷ್ಟು ಸೋಪು ಹಾಕಿ ಸಂಜೆಯ ಹೊತ್ತು ವಾರಕ್ಕೊಮ್ಮೆ ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಟ್ಟೀತು. ಮೊದಲು ನಾಲ್ಕೆಲೆಗೆ ಹಾಕಿ ಎರಡು ದಿನ ಕಾದು ನೋಡುವುದು ವಿವೇಕ.

ಬೂದಿ, ಚುಕ್ಕೆ, ಒಣಗು

ಗುಲಾಬಿಗೆ ಮೂರು ಬೂಷ್ಟಿನ ಕಾಯಿಲೆಗಳು ಮುಖ್ಯ. ಎಳೆ ಎಲೆ ಮತ್ತು ಮೊಗ್ಗಿನ ಮೇಲೆ ವಿಭೂತಿ ಬಳಿದಂತೆ ಕಂಡರೆ ಬೂದಿರೋಗ. ಹಗಲು ಬೆಚ್ಚಗಿದ್ದು ರಾತ್ರಿ ತಂಪಾಗುವ ಕಾಲದಲ್ಲಿ ಇದು ಹಬ್ಬುತ್ತದೆ. ಎಲೆಯ ಮೇಲೆ ಅಂಚು ಚದರಿದ ಕಪ್ಪು ಬೊಟ್ಟುಗಳೆದ್ದು, ಸುತ್ತ ಹಳದಿಯಾಗಿ, ಎಲೆ ಉದುರಿದರೆ ಕಪ್ಪು ಚುಕ್ಕೆ ರೋಗ. ಇದರ ಬೀಜಕಣ ಮೊಳೆಯಬೇಕಾದರೆ ಎಲೆ ಏಳು ಗಂಟೆಯಾದರೂ ಒದ್ದೆಯಾಗಿರಬೇಕು. ಆದುದರಿಂದ ಸಂಜೆ ಎಲೆಯ ಮೇಲೆಲ್ಲ ನೀರು ಸುರಿಯುವ ಅಭ್ಯಾಸವನ್ನು ಬಿಟ್ಟು, ಬೆಳಗ್ಗೆ ಬುಡಕ್ಕೆ ಮಾತ್ರ ಹಾಕಿದರೆ ಅರ್ಧ ರೋಗ ಬಾರದೆಯೇ ಹೋಗುತ್ತದೆ. ಉದುರಿದ ಎಲೆಗಳನ್ನು ಬುಡದಲ್ಲಿ ಬಿಡದೆ ಆಯ್ದು ಹಾಕಬೇಕು.

ಮೂರನೆಯದು ಎಲ್ಲಕ್ಕಿಂತ ಅಪಾಯಕರ. ಕತ್ತರಿಸಿದ ಕೊಂಬೆಯ ತುದಿ ಕಪ್ಪಾಗಿ, ಆ ಕಪ್ಪು ದಿನದಿನಕ್ಕೆ ಕೆಳಗಿಳಿಯುತ್ತ ಬುಡವನ್ನು ಮುಟ್ಟಿದರೆ ಗಿಡ ಹೋಯಿತು. ಕಪ್ಪು ನಿಂತ ಕಡೆಯಿಂದ ಎರಡಂಗುಲ ಕೆಳಗೆ, ಹಸಿರು ತಿರುಳು ಕಾಣುವಲ್ಲಿ, ಹರಿತವಾದ ಕತ್ತರಿಯಿಂದ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು.

ಈ ಬೋರ್ಡೋ ಎಂಬ ಮದ್ದಿನ ಚರಿತ್ರೆ ಸ್ವಾರಸ್ಯವಾದುದು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀಲಿ ನೀರನ್ನು ಎರಚುತ್ತಿದ್ದರು. ಒಳಗಿನ ಬಳ್ಳಿಗಳು ಬೂಷ್ಟು ತಗುಲಿ ಸೊರಗಿದಾಗ ಈ ಅಂಚಿನ ಬಳ್ಳಿಗಳು ಆರೋಗ್ಯವಾಗಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಈ ಮದ್ದನ್ನು ಪ್ರಕಟಿಸಿದನು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಅದನ್ನು ಕುರಿತು ಬರೆದು, ಇದೇ ಮದ್ದನ್ನು ಮಲೆನಾಡಿಗೆ ಪರಿಚಯಿಸಿದರು. ಇಂದಿಗೂ ಮುಂಗಾರಿನಲ್ಲಿ ಅಡಕೆ ತೋಟಗಳಲ್ಲಿ ಆ ನೀಲಿ ನೀರು ಹಾರುತ್ತದೆ. ಮುಲಾಮಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ ಇವುಗಳನ್ನು ಬೇರೆ ಬೇರೆ ಅರ್ಧರ್ಧ ಲೀಟರ್ ನೀರಿನಲ್ಲಿ ಕದಡಿ, ಲೋಹವಲ್ಲದ ಪಾತ್ರೆಯಲ್ಲಿ ಬೆರೆಸಬೇಕು. ಸ್ವಚ್ಛವಾದ ಕಬ್ಬಿಣದ ಚಾಕುವನ್ನು ಅದ್ದಿದಾಗ ಅದರ ಮೇಲೆ ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸಾಲದೆಂದರ್ಥ.

ಕನಕಾಂಬರ ಕಾರಣವಿಲ್ಲದೆ ಕುಗ್ಗಿ ಕಂದಿದರೆ ದೋಷ ಕಣ್ಣಿಗೆ ಕಾಣದ ಬೇರಿನ ಜಂತುಹುಳುವಿನದಾಗಿರಬಹುದು. ಇದಕ್ಕೆ ಚೆಂಡು ಹೂವಿನ ಗಿಡವೇ ಮದ್ದು. ಅದರ ಬೇರಿನಲ್ಲಿರುವ ರಾಸಾಯನಿಕವು ಈ ಹುಳುಗಳನ್ನು ಕೊಲ್ಲುತ್ತದೆ. ಒಂದು ಋತು ಅದೇ ಪಾತಿಯಲ್ಲಿ ಚೆಂಡು ಹೂ ಬೆಳೆದು, ಬೇವಿನ ಹಿಂಡಿ ಸೇರಿಸಿ, ಮತ್ತೆ ಕನಕಾಂಬರ ಹಾಕುವುದು ಜಾಣತನ.

ಸೀಸೆಗೆ ಕೈಯಿಡುವ ಮುನ್ನ

ತೀಕ್ಷ್ಣವಾದ ಕೀಟನಾಶಕಗಳು ಮನೆಯಂಗಳದ ವಸ್ತುಗಳಲ್ಲ. ಅಂಗಳದ ಹೂವು ಮಾರನೆಯ ಬೆಳಗ್ಗೆ ಮಗುವಿನ ಜಡೆಗೋ ದೇವರ ಪೀಠಕ್ಕೋ ಹೋಗತಕ್ಕದ್ದು. ಕರಾವಳಿಯ ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿನ ಹೆಸರಿನಲ್ಲಿ ದಕ್ಷಿಣ ಕನ್ನಡ ಮತ್ತು ಕಾಸರಗೋಡುಗಳ ಮನೆಗಳು ಪಟ್ಟ ಪಾಡನ್ನು ನಾಡು ಮರೆತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಒಂದು ಗುಲಾಬಿಯ ಎಲೆ ಉಳಿಸಲು ಹೊಲಕ್ಕೆಂದು ಮಾಡಿದ ವಿಷವನ್ನು ಅಳತೆಯಿಲ್ಲದೆ ಸುರಿಯುವುದು ಸಲ್ಲದ ಸಾಹಸ.

ಕೊನೆಗೆ, ಇಷ್ಟನ್ನೂ ನೆನಪಿಡಲಾರದವರಿಗೆ ಒಂದು ಸಣ್ಣ ವಿಧಿ. ಗಿಡ ಸೊರಗಿದ ದಿನ ಏನನ್ನೂ ಮಾಡಬೇಡಿ, ನೋಡಿ. ಮಣ್ಣು ಒದ್ದೆಯೋ ಒಣಗಿದೆಯೋ, ಬಿಸಿಲು ಎಷ್ಟು ಹೊತ್ತು, ಹಳದಿಯಾದುದು ಹಳೆಯ ಎಲೆಯೋ ಹೊಸದೋ, ಎಲೆಯ ಬೆನ್ನಿನಲ್ಲೇನಿದೆ, ಚಿಗುರು ಹೊರಟದ್ದು ಎಲ್ಲಿಂದ ಎಂಬ ಐದು ಪ್ರಶ್ನೆಗಳಿಗೆ ಉತ್ತರವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅನಂತರ ಒಂದೇ ಒಂದು ಬದಲಾವಣೆ ಮಾಡಿ, ಎರಡು ವಾರ ಕಾಯಿರಿ. ಒಟ್ಟಿಗೆ ನಾಲ್ಕು ಮಾಡಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯದು. ಕೆಟ್ಟರೂ ಯಾವುದರಿಂದ ಕೆಟ್ಟಿತೆಂದು ತಿಳಿಯದು. ಗುಣವನ್ನು ಹಳೆಯ ಎಲೆಯಲ್ಲಿ ಹುಡುಕಬೇಡಿ. ಸುಟ್ಟ ಎಲೆ ಮತ್ತೆ ಹಸಿರಾಗದು. ತುದಿಯಲ್ಲಿ ಹೊರಡುವ ಹೊಸ ಚಿಗುರು ನಿರ್ಮಲವಾಗಿದ್ದರೆ ಗಿಡ ಗೆದ್ದಿತೆಂದು ತಿಳಿಯಿರಿ.

ಬುಡದವರೆಗೂ ಸತ್ತ ಗಿಡವೋ ಎಂಬ ಅನುಮಾನ ಬಂದರೆ ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಇನ್ನೂ ಜೀವವಿದೆ. ಕೆಳಗಿನವರೆಗೂ ಕಂದು ಬಣ್ಣವೇ ಆದರೆ ಸಂಕೋಚವಿಲ್ಲದೆ ಕಿತ್ತು, ಮಣ್ಣನ್ನು ಬಿಸಿಲಿಗೆ ಹರವಿ, ಮತ್ತೊಂದು ಗಿಡ ತನ್ನಿ. ಈ ಸಲ ಹೂ ಎಣಿಸಿ ಕೊಳ್ಳಬೇಡಿ. ಎಲೆಯ ಬೆನ್ನು ನೋಡಿ, ಬುಡದ ಗಂಟು ನೋಡಿ, ತಳದ ತೂತಿನಲ್ಲಿ ಇಣುಕುವ ಬೇರು ಬೆಳ್ಳಗಿದೆಯೇ ಎಂದು ನೋಡಿ ಕೊಳ್ಳಿ. ಸಲಹೆಗಾರರು ಬಂದರೆ ಕಾಫಿ ಕೊಟ್ಟು ಕೂರಿಸಿ. ಚೊಂಬು ಮಾತ್ರ ನಿಮ್ಮ ಕೈಯಲ್ಲೇ ಇರಲಿ.